ದತ್ತಸಂಚಯದ ಬೀಗದ ಕೈ ಯಾರ ಬಳಿ ಇರಬೇಕು?

ಜಾಲತಾಣವೊಂದನ್ನು ತೆರೆದಾಗ ಮೊದಲು ಕಣ್ಣಿಗೆ ಬೀಳುವುದು ಅದರ ಪುಟಗಳು, ಚಿತ್ರಗಳು ಮತ್ತು ಬಣ್ಣಗಳು. ಆದರೆ ತಾಣದ ನಿಜವಾದ ಆಸ್ತಿ ಇರುವುದು ಕಣ್ಣಿಗೆ ಕಾಣದ ಇನ್ನೊಂದು ಜಾಗದಲ್ಲಿ. ಸುದ್ದಿತಾಣದ ಹತ್ತು ವರ್ಷಗಳ ಬರಹ, ಪುಸ್ತಕ ಮಳಿಗೆಯ ಗಿರಾಕಿಗಳ ವಿಳಾಸ, ಕಾಲೇಜಿನ ಪ್ರವೇಶ ಅರ್ಜಿ, ಸಹಕಾರ ಸಂಘದ ಸದಸ್ಯರ ಪಟ್ಟಿ, ಇವೆಲ್ಲವೂ ಕುಳಿತಿರುವುದು ದತ್ತಸಂಚಯ ಅಥವಾ ಡೇಟಾಬೇಸ್‌ನಲ್ಲಿ. ಪುಟಗಳ ವಿನ್ಯಾಸ ಕೆಟ್ಟರೆ ಕೆಲವು ದಿನಗಳಲ್ಲಿ ಮತ್ತೆ ಕಟ್ಟಬಹುದು. ದತ್ತಸಂಚಯ ಅಳಿದುಹೋದರೆ, ಅದರ ಪ್ರತಿ ಎಲ್ಲಿಯೂ ಇಲ್ಲದಿದ್ದರೆ, ಮತ್ತೆ ಕಟ್ಟಲು ಏನೂ ಉಳಿಯುವುದಿಲ್ಲ.

ಇಷ್ಟು ಬೆಲೆಬಾಳುವ ದತ್ತಸಂಚಯವನ್ನು ಸೃಷ್ಟಿಸುವುದು ಇಂದು ಐದು ನಿಮಿಷಗಳ ಕೆಲಸ. ಹೋಸ್ಟಿಂಗ್ ಕಂಪೆನಿಗಳು ಒದಗಿಸುವ ಕಂಟ್ರೋಲ್ ಪ್ಯಾನೆಲ್ ಅಥವಾ ನಿಯಂತ್ರಣ ಫಲಕದಲ್ಲಿ ನಾಲ್ಕಾರು ಗುಂಡಿಗಳನ್ನು ಒತ್ತಿದರೆ ಕೆಲಸ ಮುಗಿಯುತ್ತದೆ. ತೊಂದರೆಯ ಬೀಜ ಬಿತ್ತನೆಯಾಗುವುದೂ ಆ ಐದು ನಿಮಿಷಗಳಲ್ಲೇ. ಯಾರಿಗೆ ಎಷ್ಟು ಅಧಿಕಾರ ಕೊಡಬೇಕು ಎಂಬ ಪ್ರಶ್ನೆಗೆ ಹೆಚ್ಚಿನವರು ‘ಎಲ್ಲವನ್ನೂ’ ಎಂದು ಗುರುತು ಹಾಕಿ ಮುಂದೆ ಸಾಗುತ್ತಾರೆ.

ಫಲಕದ ಹಿಂದಿನ ಕಥೆ

ಸರ್ವರ್ ಗಣಕವನ್ನು ಆದೇಶಗಳ ಮೂಲಕ ನಿರ್ವಹಿಸುವುದು ಪರಿಣತರ ಕೆಲಸ. ಆ ಆದೇಶಗಳನ್ನು ಗುಂಡಿಗಳಾಗಿ, ಪಟ್ಟಿಗಳಾಗಿ ಬ್ರೌಸರ್‌ನಲ್ಲಿ ತೋರಿಸುವ ತಂತ್ರಾಂಶವೇ ನಿಯಂತ್ರಣ ಫಲಕ. ಇವುಗಳ ಪೈಕಿ ಹೆಸರುವಾಸಿಯಾದ ‘ಸಿಪ್ಯಾನೆಲ್’ 1996ರಲ್ಲಿ ಮೊದಲು ಬಂದಿತು. ಅದನ್ನು ರೂಪಿಸಿದವರು ಅಮೆರಿಕದ ನಿಕೊಲಸ್ ಕೋಸ್ಟನ್. ಪ್ಲೆಸ್ಕ್, ಡೈರೆಕ್ಟ್‌ಅಡ್ಮಿನ್ ಮೊದಲಾದವು ಅದೇ ಬಗೆಯ ಇತರ ಫಲಕಗಳು. ಗುಂಡಿಗಳ ಹೆಸರು, ಜಾಗ ಬೇರೆಯಾದರೂ ಇವೆಲ್ಲವುಗಳ ಒಳತಿರುಳು ಹೆಚ್ಚುಕಡಿಮೆ ಒಂದೇ.

ಫಲಕದ ಹಿಂದೆ ಕೆಲಸ ಮಾಡುವ ದತ್ತಸಂಚಯ ತಂತ್ರಾಂಶ ಸಾಮಾನ್ಯವಾಗಿ ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ ಆಗಿರುತ್ತದೆ. ಮೈಎಸ್‌ಕ್ಯೂಎಲ್ 1995ರಲ್ಲಿ ಸ್ವೀಡನ್ನಿನ ಕಂಪೆನಿಯೊಂದರಲ್ಲಿ ಹುಟ್ಟಿತು. ಅದರ ನಿರ್ಮಾತೃಗಳಲ್ಲಿ ಒಬ್ಬರಾದ ಮೈಕೆಲ್ ವಿಡೇನಿಯಸ್ ತಮ್ಮ ಮಗಳು ‘ಮೈ’ಯ ಹೆಸರನ್ನೇ ಅದಕ್ಕೆ ಇಟ್ಟರು. 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಆ ಕಂಪೆನಿಯನ್ನು ಕೊಂಡಿತು. 2010ರಲ್ಲಿ ಸನ್ ಕಂಪೆನಿಯೇ ಒರೇಕಲ್ ಪಾಲಾಯಿತು. ಈ ಬದಲಾವಣೆಗಳ ನಡುವೆ, 2009ರಲ್ಲಿ, ವಿಡೇನಿಯಸ್ ಅದೇ ತಂತ್ರಾಂಶದ ಕವಲೊಂದನ್ನು ಆರಂಭಿಸಿ ಕಿರಿಯ ಮಗಳು ಮರಿಯಾಳ ಹೆಸರಿಟ್ಟರು. ಜಾಲತಾಣ ನಡೆಸುವವರ ದೃಷ್ಟಿಯಿಂದ ಎರಡರ ಬಳಕೆಯೂ ಬಹುಮಟ್ಟಿಗೆ ಒಂದೇ ರೀತಿ.

ಮೂರು ಬೇರೆ ಬೇರೆ ಹೆಜ್ಜೆಗಳು

ಸಿಪ್ಯಾನೆಲ್‌ನಲ್ಲಿ ಈ ಕೆಲಸಕ್ಕೆ ಮೀಸಲಾದ ಪುಟಕ್ಕೆ ಹಿಂದೆ ‘ಮೈಎಸ್‌ಕ್ಯೂಎಲ್ ಡೇಟಾಬೇಸಸ್’ ಎಂದು ಹೆಸರಿತ್ತು. ಹೊಸ ಆವೃತ್ತಿಗಳಲ್ಲಿ ಅದು ‘ಮ್ಯಾನೇಜ್ ಮೈ ಡೇಟಾಬೇಸಸ್’ ಆಗಿದೆ. ಅಲ್ಲಿ ಮೂರು ಕೆಲಸಗಳು ಒಂದರ ಕೆಳಗೊಂದು ಕಾಣಿಸುತ್ತವೆ. ಹೊಸಬರು ಇವನ್ನು ಒಂದೇ ಕೆಲಸವೆಂದು ಭಾವಿಸುವುದರಿಂದ ಗೊಂದಲ ಉಂಟಾಗುತ್ತದೆ.

ಮೊದಲನೆಯದು ದತ್ತಸಂಚಯವನ್ನು ಸೃಷ್ಟಿಸುವುದು. ಇದನ್ನು ಖಾಲಿ ಕೋಣೆ ಕಟ್ಟಿಸಿದಂತೆ ಎನ್ನಬಹುದು. ಎರಡನೆಯದು ದತ್ತಸಂಚಯದ ಬಳಕೆದಾರನನ್ನು, ಅಂದರೆ ಒಂದು ಹೆಸರು ಮತ್ತು ಗುಪ್ತಪದದ ಜೋಡಿಯನ್ನು ಸೃಷ್ಟಿಸುವುದು. ಇದು ಬೀಗದ ಕೈ. ಮೂರನೆಯದು ಆ ಬಳಕೆದಾರನನ್ನು ಆ ದತ್ತಸಂಚಯಕ್ಕೆ ಸೇರಿಸಿ, ಅಲ್ಲಿ ಏನೇನು ಮಾಡಬಹುದು ಎಂದು ಗೊತ್ತುಪಡಿಸುವುದು. ಈ ಮೂರನೆಯ ಹೆಜ್ಜೆ ಇಡುವ ತನಕ ಕೋಣೆಗೂ ಕೈಗೂ ಸಂಬಂಧವಿಲ್ಲ. ‘ಎರಡನ್ನೂ ಮಾಡಿದ್ದೇನೆ, ಆದರೂ ತಾಣ ತೆರೆಯುತ್ತಿಲ್ಲ’ ಎಂಬ ದೂರಿಗೆ ಹಲವು ಬಾರಿ ಕಾರಣ ಈ ಹೆಜ್ಜೆ ತಪ್ಪಿರುವುದು.

ಇಲ್ಲಿ ‘ಬಳಕೆದಾರ’ ಎಂಬ ಪದವೇ ದಾರಿ ತಪ್ಪಿಸುವಂಥದ್ದು. ಈ ಬಳಕೆದಾರ ಮನುಷ್ಯನಲ್ಲ. ತಾಣಕ್ಕೆ ಬಂದು ಓದುವವರಿಗೂ, ತಾಣದೊಳಗೆ ಲೇಖನ ಬರೆಯುವವರಿಗೂ ಇದಕ್ಕೂ ಸಂಬಂಧವಿಲ್ಲ. ತಾಣವನ್ನು ನಡೆಸುವ ತಂತ್ರಾಂಶ, ಉದಾಹರಣೆಗೆ ವರ್ಡ್‌ಪ್ರೆಸ್, ದತ್ತಸಂಚಯದ ಬಾಗಿಲು ತಟ್ಟುವಾಗ ಹೇಳಿಕೊಳ್ಳುವ ಹೆಸರು ಅದು. ಆದ್ದರಿಂದ ಅದರ ಗುಪ್ತಪದವನ್ನು ಯಾರೂ ನೆನಪಿನಲ್ಲಿ ಇಟ್ಟುಕೊಳ್ಳಬೇಕಾಗಿಲ್ಲ. ಫಲಕವೇ ತಯಾರಿಸಿಕೊಡುವ ಉದ್ದನೆಯ, ಅರ್ಥವಿಲ್ಲದ ಗುಪ್ತಪದವೇ ಉತ್ತಮ.

ಹೆಸರುಗಳ ವಿಷಯದಲ್ಲಿ ಇನ್ನೊಂದು ಮಾತು. ಒಂದೇ ಸರ್ವರ್‌ನಲ್ಲಿ ನೂರಾರು ಗಿರಾಕಿಗಳ ತಾಣಗಳಿರುವುದರಿಂದ, ದತ್ತಸಂಚಯ ಮತ್ತು ಬಳಕೆದಾರ ಎರಡೂ ಹೆಸರುಗಳ ಮುಂದೆ ಖಾತೆಯ ಹೆಸರು ಮತ್ತು ಅಡಿಗೆರೆಯನ್ನು ಸಿಪ್ಯಾನೆಲ್ ಸಾಮಾನ್ಯವಾಗಿ ತಾನಾಗಿಯೇ ಸೇರಿಸುತ್ತದೆ. ತಂತ್ರಾಂಶದಲ್ಲಿ ಹೆಸರು ತುಂಬುವಾಗ ಈ ಮುಂಭಾಗವನ್ನೂ ಸೇರಿಸಿ ಪೂರ್ಣವಾಗಿ ಬರೆಯಬೇಕು. ಹೆಸರನ್ನು ನೋಡಿದೊಡನೆ ಅದು ಯಾವ ಕೆಲಸದ್ದು ಎಂದು ತಿಳಿಯುವಂತಿರಲಿ. ‘ಟೆಸ್ಟ್1’, ‘ನ್ಯೂ2’ ಎಂಬ ಹೆಸರುಗಳನ್ನು ಎರಡು ವರ್ಷಗಳ ನಂತರ ಕಂಡವರಿಗೆ ಯಾವುದನ್ನು ಅಳಿಸಬಹುದು, ಯಾವುದನ್ನು ಮುಟ್ಟಬಾರದು ಎಂಬುದು ತಿಳಿಯುವುದಿಲ್ಲ.

ಒಂದು ಗುರುತಿನ ಬೆಲೆ

ಮೂರನೆಯ ಹೆಜ್ಜೆಯಲ್ಲಿ ತೆರೆದುಕೊಳ್ಳುವ ಪುಟದಲ್ಲಿ ಅಧಿಕಾರಗಳ ಪಟ್ಟಿ ಇರುತ್ತದೆ. ‘ಸೆಲೆಕ್ಟ್’ ಎಂದರೆ ಮಾಹಿತಿಯನ್ನು ಓದುವ ಅಧಿಕಾರ. ‘ಇನ್ಸರ್ಟ್’ ಹೊಸದನ್ನು ಸೇರಿಸಲು, ‘ಅಪ್‌ಡೇಟ್’ ಇರುವುದನ್ನು ತಿದ್ದಲು, ‘ಡಿಲೀಟ್’ ಸಾಲುಗಳನ್ನು ತೆಗೆಯಲು. ಈ ನಾಲ್ಕೂ ಮಾಹಿತಿಗೆ ಸಂಬಂಧಿಸಿದವು. ‘ಕ್ರಿಯೇಟ್’, ‘ಆಲ್ಟರ್’, ‘ಇಂಡೆಕ್ಸ್’, ‘ಡ್ರಾಪ್’ ಇವು ಕಟ್ಟಡಕ್ಕೆ ಸಂಬಂಧಿಸಿದವು: ಹೊಸ ಕೋಷ್ಟಕ ರಚಿಸುವುದು, ಅದರ ಆಕಾರ ಬದಲಿಸುವುದು, ಸೂಚಿ ಕಟ್ಟುವುದು, ಕೊನೆಗೆ ಕೋಷ್ಟಕವನ್ನೇ ಕಿತ್ತೊಗೆಯುವುದು. ಪಟ್ಟಿಯ ನೆತ್ತಿಯ ಮೇಲೆ ‘ಆಲ್ ಪ್ರಿವಿಲೇಜಸ್’ ಎಂಬ ಒಂದೇ ಚೌಕವಿದೆ. ಅದರಲ್ಲಿ ಗುರುತು ಹಾಕಿದರೆ ಎಲ್ಲವೂ ಸಿಕ್ಕಂತೆ.

ಇದರಿಂದ ಆಗುವ ಅಪಾಯ ಅರಿಯಬೇಕಾದರೆ ‘ಎಸ್‌ಕ್ಯೂಎಲ್ ಇಂಜೆಕ್ಷನ್’ ಎಂಬ ದಾಳಿಯನ್ನು ತಿಳಿಯಬೇಕು. ತಾಣದ ಹುಡುಕು ಪೆಟ್ಟಿಗೆಯಲ್ಲೋ ಅರ್ಜಿಯಲ್ಲೋ ದಾಳಿಕೋರನು ಹೆಸರಿನ ಬದಲು ದತ್ತಸಂಚಯದ ಆದೇಶದ ತುಣುಕೊಂದನ್ನು ತುಂಬುತ್ತಾನೆ. ತಂತ್ರಾಂಶ ಬರೆದವರು ಎಚ್ಚರ ವಹಿಸದಿದ್ದರೆ ಆ ತುಣುಕು ಮಾಹಿತಿಯಾಗಿ ಉಳಿಯದೆ ಆದೇಶವಾಗಿಯೇ ಜಾರಿಯಾಗುತ್ತದೆ. ಜೆಫ್ ಫಾರಿಸ್ಟಾಲ್ ಎಂಬ ಸಂಶೋಧಕರು 1998ರಲ್ಲಿಯೇ ಈ ವಿಧಾನವನ್ನು ಬಹಿರಂಗವಾಗಿ ವಿವರಿಸಿದ್ದರು. ಇಂದಿಗೂ ಅದು ಪೂರ್ಣವಾಗಿ ಮರೆಯಾಗಿಲ್ಲ.

ಇಂತಹ ದಾಳಿ ಯಶಸ್ವಿಯಾದಾಗ ದಾಳಿಕೋರನಿಗೆ ಸಿಗುವುದು ತಾಣದ ದತ್ತಸಂಚಯ ಬಳಕೆದಾರನಿಗೆ ಇರುವಷ್ಟೇ ಅಧಿಕಾರ. ಆ ಬಳಕೆದಾರನಿಗೆ ಓದುವ ಹಕ್ಕು ಮಾತ್ರ ಇದ್ದರೆ ಕಳ್ಳನೂ ಓದಬಲ್ಲನೇ ಹೊರತು ಅಳಿಸಲಾರ. ಒಂದು ದತ್ತಸಂಚಯದ ಮೇಲೆ ಮಾತ್ರ ಹಕ್ಕಿದ್ದರೆ ಪಕ್ಕದ ದತ್ತಸಂಚಯವನ್ನು ಮುಟ್ಟಲಾರ. ದಾಳಿ ನಡೆಯುವ ಮೊದಲೇ ನಷ್ಟದ ಮಿತಿಯನ್ನು ನಿರ್ಧರಿಸುವುದು ಫಲಕದ ಆ ಪುಟದ ಗುರುತುಗಳೇ.

ಎಷ್ಟು ಅಧಿಕಾರ ಸಾಕು?

ವರ್ಡ್‌ಪ್ರೆಸ್‌ನಂತಹ ತಂತ್ರಾಂಶದ ದಿನನಿತ್ಯದ ಕೆಲಸಕ್ಕೆ, ಅಂದರೆ ಲೇಖನ ಪ್ರಕಟಿಸಲು, ಟಿಪ್ಪಣಿ ಸ್ವೀಕರಿಸಲು, ಸದಸ್ಯರನ್ನು ಸೇರಿಸಲು, ಮೊದಲಿನ ನಾಲ್ಕು ಅಧಿಕಾರಗಳೇ ಸಾಕು. ಆದರೆ ಮೊದಲ ಬಾರಿ ಸ್ಥಾಪಿಸುವಾಗ, ದೊಡ್ಡ ಆವೃತ್ತಿಗೆ ಏರಿಸುವಾಗ ಅಥವಾ ಹೊಸ ಪ್ಲಗಿನ್ ಜೋಡಿಸುವಾಗ ಕೋಷ್ಟಕ ಸೃಷ್ಟಿಸುವ, ಬದಲಿಸುವ ಅಧಿಕಾರವೂ ಬೇಕಾಗುತ್ತದೆ. ಆ ಹೊತ್ತಿಗೆ ಕೊಟ್ಟು ಕೆಲಸ ಮುಗಿದ ಮೇಲೆ ಹಿಂಪಡೆಯುವುದು ಕಟ್ಟುನಿಟ್ಟಿನ ಕ್ರಮ. ತಂತ್ರಾಂಶವು ತಾನಾಗಿಯೇ ಹೊಸ ಆವೃತ್ತಿಗೆ ಏರುವಂತೆ ಬಿಟ್ಟಿರುವ ತಾಣಗಳಲ್ಲಿ ಇದು ಸುಲಭವಲ್ಲ. ಅಂಥಲ್ಲಿ ಅಧಿಕಾರ ಕಡಿತಕ್ಕಿಂತ ಆವೃತ್ತಿ ಏರಿಕೆ ತಪ್ಪದಿರುವುದೇ ಮುಖ್ಯ.

ಎಲ್ಲರೂ ಪಾಲಿಸಬಹುದಾದ ನಿಯಮ ಬೇರೊಂದಿದೆ. ಪ್ರತಿ ತಂತ್ರಾಂಶಕ್ಕೂ ಪ್ರತ್ಯೇಕ ದತ್ತಸಂಚಯ, ಪ್ರತ್ಯೇಕ ಬಳಕೆದಾರ, ಪ್ರತ್ಯೇಕ ಗುಪ್ತಪದ. ಪ್ರಕಾಶನ ಸಂಸ್ಥೆಯೊಂದರ ಖಾತೆಯಲ್ಲಿ ಸುದ್ದಿ ವಿಭಾಗ, ಪುಸ್ತಕ ಮಾರಾಟ ವಿಭಾಗ ಹಾಗೂ ಎಂದೋ ನಡೆದ ಕಥಾಸ್ಪರ್ಧೆಯ ಅರ್ಜಿ ವಿಭಾಗ ಇವೆ ಎಂದುಕೊಳ್ಳೋಣ. ಮೂರಕ್ಕೂ ಒಬ್ಬನೇ ಬಳಕೆದಾರನಿದ್ದರೆ, ಯಾರೂ ನೋಡಿಕೊಳ್ಳದ ಹಳೆಯ ಸ್ಪರ್ಧೆಯ ಪುಟದ ಮೂಲಕ ನುಗ್ಗಿದವನ ಕೈಗೆ ಗಿರಾಕಿಗಳ ವಿಳಾಸ, ದೂರವಾಣಿ ಸಂಖ್ಯೆಗಳೂ ಸಿಗುತ್ತವೆ. ಪ್ರತ್ಯೇಕವಾಗಿದ್ದರೆ ಅವನ ಓಡಾಟ ಸ್ಪರ್ಧೆಯ ಅರ್ಜಿಗಳಿಗೆ ಸೀಮಿತ. ಲೆಕ್ಕಪತ್ರ ಅಥವಾ ವರದಿ ತೆಗೆಯುವವರಿಗೆಂದೇ ‘ಸೆಲೆಕ್ಟ್’ ಮಾತ್ರ ಇರುವ ಇನ್ನೊಬ್ಬ ಬಳಕೆದಾರನನ್ನು ಸೃಷ್ಟಿಸಬಹುದು. ಪ್ಲೆಸ್ಕ್ ಫಲಕದಲ್ಲಿ ಓದಲು ಮಾತ್ರ ಅನುಮತಿ ಕೊಡುವ ಪಾತ್ರವೊಂದು ಸಿದ್ಧವಾಗಿಯೇ ಇದೆ.

ಈ ರಕ್ಷಣೆಗೂ ಒಂದು ಎಲ್ಲೆಯಿದೆ. ದಾಳಿಕೋರ ದತ್ತಸಂಚಯದ ಮೂಲಕವಲ್ಲದೆ ಕಡತಗಳ ಮೂಲಕ ನುಗ್ಗಿದರೆ, ಒಂದೇ ಹೋಸ್ಟಿಂಗ್ ಖಾತೆಯಲ್ಲಿರುವ ಎಲ್ಲ ತಂತ್ರಾಂಶಗಳ ಕಡತಗಳನ್ನೂ ಓದಬಲ್ಲ. ಗುಪ್ತಪದಗಳು ಆ ಕಡತಗಳಲ್ಲೇ ಇರುತ್ತವೆ. ಹಣಕಾಸು ಅಥವಾ ವೈಯಕ್ತಿಕ ಮಾಹಿತಿ ಇರುವ ವಿಭಾಗವನ್ನು ಪ್ರತ್ಯೇಕ ಹೋಸ್ಟಿಂಗ್ ಖಾತೆಯಲ್ಲೇ ಇಡುವುದು ಲೇಸು.

ಹಿರಿಯ ಕೀಲಿಯನ್ನು ಹೊರಗೆ ತರಬಾರದು

ವರ್ಡ್‌ಪ್ರೆಸ್ ತನ್ನ ಡೇಟಾಬೇಸ್ ಹೆಸರು, ಬಳಕೆದಾರ, ಗುಪ್ತಪದಗಳನ್ನು ‘ಡಬ್ಲ್ಯೂಪಿ-ಕಾನ್ಫಿಗ್’ ಎಂಬ ಕಡತದಲ್ಲಿ ಸಾದಾ ಅಕ್ಷರಗಳಲ್ಲಿ ಬರೆದಿಟ್ಟಿರುತ್ತದೆ. ಬೇರೆ ತಂತ್ರಾಂಶಗಳಲ್ಲೂ ಇದೇ ಪದ್ಧತಿ. ಸಿಪ್ಯಾನೆಲ್ ಖಾತೆಯ ಮುಖ್ಯ ಹೆಸರು ಮತ್ತು ಗುಪ್ತಪದದಿಂದಲೇ ಆ ಖಾತೆಯ ಎಲ್ಲ ದತ್ತಸಂಚಯಗಳನ್ನೂ ತೆರೆಯಬಹುದು. ಹಾಗಾಗಿ ಅವಸರದಲ್ಲಿರುವವರು ಬೇರೆ ಬಳಕೆದಾರನನ್ನು ಸೃಷ್ಟಿಸುವ ಗೋಜಿಗೇ ಹೋಗದೆ ಮುಖ್ಯ ಗುಪ್ತಪದವನ್ನೇ ಆ ಕಡತದಲ್ಲಿ ಬರೆದುಬಿಡುತ್ತಾರೆ. ಕಡತ ಬೇರೆಯವರ ಕಣ್ಣಿಗೆ ಬಿದ್ದ ದಿನ ಇಮೇಲ್, ಕಡತಗಳು, ದತ್ತಸಂಚಯ, ಬ್ಯಾಕಪ್ ಎಲ್ಲವೂ ಒಟ್ಟಿಗೆ ಕೈಬಿಟ್ಟುಹೋಗುತ್ತವೆ.

ಇದೇ ಕಾರಣದಿಂದ ಎಫ್‌ಟಿಪಿ ಅನುಮತಿಯನ್ನೂ ಲಘುವಾಗಿ ನೋಡಬಾರದು. ತಾಣದ ಮುಖ್ಯ ಕಡತಕೋಶಕ್ಕೆ ಎಫ್‌ಟಿಪಿ ಪ್ರವೇಶ ಪಡೆದವರು ಆ ಕಡತವನ್ನು ಓದಬಲ್ಲರು. ಅಂದರೆ ಪರೋಕ್ಷವಾಗಿ ದತ್ತಸಂಚಯವನ್ನೂ ಪಡೆದಂತೆ. ಚಿತ್ರ ಸೇರಿಸುವವರಿಗೆ ಚಿತ್ರಗಳ ಕೋಶಕ್ಕೆ ಮಾತ್ರ ಪ್ರವೇಶ ಕೊಡುವ ಸೌಲಭ್ಯ ಫಲಕದಲ್ಲಿದೆ. ಸಿಪ್ಯಾನೆಲ್‌ನ ಹೊಸ ಆವೃತ್ತಿಗಳಲ್ಲಿ ‘ಟೀಮ್ ಮ್ಯಾನೇಜರ್’ ಮೂಲಕ ಸಹೋದ್ಯೋಗಿಗಳಿಗೆ ದತ್ತಸಂಚಯ, ಇಮೇಲ್, ಜಾಲತಾಣ ಎಂದು ಹಂಚಿ ಪ್ರತ್ಯೇಕ ಪ್ರವೇಶ ನೀಡಬಹುದು. ಹೋಸ್ಟಿಂಗ್ ಕಂಪೆನಿ ಅವಕಾಶ ಕೊಟ್ಟಿದ್ದರೆ ಫಲಕಕ್ಕೆ ಎರಡು ಹಂತದ ದೃಢೀಕರಣವನ್ನು ಚಾಲನೆಗೊಳಿಸುವುದು ಅವಶ್ಯ.

ಫಲಕದಲ್ಲಿರುವ ‘ಪಿಎಚ್‌ಪಿಮೈಅಡ್ಮಿನ್’ ಕೂಡ ಹಿರಿಯ ಕೀಲಿಯ ಸಾಲಿಗೇ ಸೇರುತ್ತದೆ. ಟೊಬಿಯಾಸ್ ರಾಟ್‌ಶಿಲರ್ 1998ರಲ್ಲಿ ಆರಂಭಿಸಿದ ಈ ತಂತ್ರಾಂಶದಲ್ಲಿ ಕೋಷ್ಟಕಗಳನ್ನು ತೆರೆದು ನೇರವಾಗಿ ತಿದ್ದಬಹುದು. ಫಲಕದ ಒಳಗಿನಿಂದ ಅದನ್ನು ತೆರೆದವರಿಗೆ ಖಾತೆಯ ಎಲ್ಲ ದತ್ತಸಂಚಯಗಳ ಮೇಲೂ ಪೂರ್ಣ ಅಧಿಕಾರವಿರುತ್ತದೆ. ಅಳಿಸಿದ್ದನ್ನು ಮರಳಿ ತರುವ ಗುಂಡಿ ಅಲ್ಲಿಲ್ಲ. ದತ್ತಸಂಚಯದ ಹೆಸರು ಬದಲಿಸುವ ಸೌಲಭ್ಯ ಸಿಪ್ಯಾನೆಲ್‌ನಲ್ಲಿದ್ದರೂ ಅದು ಕಂಡಷ್ಟು ಸರಳವಲ್ಲ. ಒಳಗೆ ಹೊಸದೊಂದನ್ನು ಸೃಷ್ಟಿಸಿ, ಮಾಹಿತಿಯನ್ನು ಸಾಗಿಸಿ, ಹಳೆಯದನ್ನು ಅಳಿಸುವ ಕೆಲಸ ನಡೆಯುತ್ತದೆ. ಪ್ರತಿ ತೆಗೆದಿಡದೆ ಇದಕ್ಕೆ ಕೈಹಾಕಬಾರದು.

ಹೊರಗಿನಿಂದ ಬರುವ ಸಂಪರ್ಕ

ತಾಣ ಮತ್ತು ದತ್ತಸಂಚಯ ಒಂದೇ ಸರ್ವರ್‌ನಲ್ಲಿದ್ದಾಗ ಅವು ‘ಲೋಕಲ್‌ಹೋಸ್ಟ್’ ಎಂಬ ವಿಳಾಸದ ಮೂಲಕ ಮಾತನಾಡಿಕೊಳ್ಳುತ್ತವೆ. ಕಚೇರಿಯ ಗಣಕದಿಂದ ನೇರವಾಗಿ ಸಂಪರ್ಕಿಸಬೇಕಾದರೆ ‘ರಿಮೋಟ್ ಡೇಟಾಬೇಸ್ ಆಕ್ಸೆಸ್’ ಪುಟದಲ್ಲಿ ಆ ಗಣಕದ ಐಪಿ ವಿಳಾಸವನ್ನು ಸೇರಿಸಬೇಕು. ಮೈಎಸ್‌ಕ್ಯೂಎಲ್‌ನ ರೂಢಿಯ ಬಾಗಿಲು 3306ನೇ ಪೋರ್ಟ್. ಐಪಿ ವಿಳಾಸ ಆಗಾಗ ಬದಲಾಗುತ್ತದೆಂದು ಬೇಸತ್ತು ಶೇಕಡಾ ಚಿಹ್ನೆಯನ್ನು ಹಾಕುವವರುಂಟು. ಆ ಚಿಹ್ನೆಗೆ ಅಲ್ಲಿ ‘ಎಲ್ಲಿಂದ ಬಂದರೂ ಸರಿ’ ಎಂದರ್ಥ. ಇದಕ್ಕಿಂತ ಎಸ್‌ಎಸ್‌ಎಚ್ ಸುರಂಗದ ಮೂಲಕ ಸಂಪರ್ಕಿಸುವುದು ಸುರಕ್ಷಿತ. ಕೆಲಸ ಮುಗಿದ ಮೇಲೆ ಪಟ್ಟಿಯಿಂದ ವಿಳಾಸವನ್ನು ತೆಗೆದುಹಾಕಬೇಕು.

ಕನ್ನಡದ ಅಕ್ಷರಗಳು ಪ್ರಶ್ನಾರ್ಥಕವಾದಾಗ

ಕನ್ನಡ ತಾಣಗಳನ್ನು ನಡೆಸುವವರು ಗಮನಿಸಬೇಕಾದ ವಿಶೇಷ ಸಂಗತಿ ಅಕ್ಷರ ಸಂಕೇತದ್ದು. ಮೈಎಸ್‌ಕ್ಯೂಎಲ್‌ನಲ್ಲಿ ದೀರ್ಘಕಾಲ ಪೂರ್ವನಿಯೋಜಿತವಾಗಿದ್ದದ್ದು ಪಶ್ಚಿಮ ಯುರೋಪಿನ ಭಾಷೆಗಳ ‘ಲ್ಯಾಟಿನ್1’ ಸಂಕೇತ. 2018ರಲ್ಲಿ ಬಂದ 8.0 ಆವೃತ್ತಿಯಲ್ಲಷ್ಟೇ ಅದು ‘ಯುಟಿಎಫ್8ಎಂಬಿ4’ಗೆ ಬದಲಾಯಿತು. ಲ್ಯಾಟಿನ್1 ಕೋಷ್ಟಕದೊಳಗೆ ಕನ್ನಡ ಪಠ್ಯ ಹೋದಾಗ ಸಾಲುಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ಉಳಿಯಬಹುದು. ಹಾಗೆ ಉಳಿದ ಪಠ್ಯವನ್ನು ಮರಳಿ ಪಡೆಯಲಾಗದು. ಅಕ್ಷರಗಳು ನಿಜವಾಗಿಯೂ ನಾಶವಾಗಿರುತ್ತವೆ. ಪ್ರಶ್ನಾರ್ಥಕದ ಬದಲು ಅರ್ಥವಿಲ್ಲದ ಯುರೋಪಿಯನ್ ಅಕ್ಷರಗಳು ಕಂಡರೆ ಮಾತ್ರ ಸರಿಪಡಿಸುವ ಆಸೆ ಇಟ್ಟುಕೊಳ್ಳಬಹುದು.

ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೆ ಮೂರು ಬೈಟ್ ಬೇಕು. ಕಣ್ಣಿಗೆ ಮೂರೇ ಅಕ್ಷರವಾಗಿ ಕಾಣುವ ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರದಿಂದಾಗಿ ಐದು ಸಂಕೇತಗಳಿವೆ. ಅದು 15 ಬೈಟ್ ಹಿಡಿಯುತ್ತದೆ. ಕೋಷ್ಟಕದ ಅಂಕಣಕ್ಕೆ 20 ಅಕ್ಷರಗಳ ಮಿತಿ ಹಾಕಿದರೆ ಉದ್ದನೆಯ ಕನ್ನಡ ಹೆಸರುಗಳು ಮಧ್ಯದಲ್ಲೇ ತುಂಡಾಗುವುದು ಇದೇ ಕಾರಣಕ್ಕೆ. ಮೈಎಸ್‌ಕ್ಯೂಎಲ್‌ನ ಹಳೆಯ ‘ಯುಟಿಎಫ್8’ ಮೂರು ಬೈಟ್‌ಗಳಿಗೆ ನಿಲ್ಲುತ್ತದೆ. ಕನ್ನಡಕ್ಕೆ ಅಷ್ಟು ಸಾಕಾದರೂ ಎಮೋಜಿಗಳಿಗೆ ನಾಲ್ಕು ಬೈಟ್ ಬೇಕು. ಓದುಗರ ಪ್ರತಿಕ್ರಿಯೆಯಲ್ಲಿ ಎಮೋಜಿ ಬಂದಲ್ಲಿಂದ ಮುಂದಿನ ಪಠ್ಯ ಕಣ್ಮರೆಯಾಗುವುದುಂಟು. ಹೊಸ ದತ್ತಸಂಚಯವನ್ನು ಸೃಷ್ಟಿಸಿದೊಡನೆ, ಮಾಹಿತಿ ತುಂಬುವ ಮೊದಲೇ, ಅದರ ಸಂಕೇತ ‘ಯುಟಿಎಫ್8ಎಂಬಿ4’ ಆಗಿದೆಯೇ ಎಂದು ಪಿಎಚ್‌ಪಿಮೈಅಡ್ಮಿನ್‌ನಲ್ಲಿ ನೋಡಿಕೊಳ್ಳುವುದು ಒಳ್ಳೆಯದು.

ಪ್ರತಿ ತೆಗೆಯುವುದು, ಪರೀಕ್ಷಿಸುವುದು

ಫಲಕದ ‘ಬ್ಯಾಕಪ್’ ಪುಟದಿಂದ ದತ್ತಸಂಚಯದ ಪ್ರತಿಯನ್ನು ಕುಗ್ಗಿಸಿದ ಕಡತವಾಗಿ ಇಳಿಸಿಕೊಳ್ಳಬಹುದು. ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಪ್ರತಿಯನ್ನು ಅದೇ ಸರ್ವರ್‌ನಲ್ಲಿ ಮಾತ್ರ ಇಟ್ಟರೆ ಸರ್ವರ್ ಕೆಟ್ಟಾಗ ಎರಡೂ ಹೋಗುತ್ತವೆ. ಅದನ್ನು ‘ಪಬ್ಲಿಕ್_ಎಚ್‌ಟಿಎಂಎಲ್’ ಕೋಶದೊಳಗೆ ಇಟ್ಟರೆ ಹೆಸರನ್ನು ಊಹಿಸಿದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಮರಳಿ ತುಂಬಿ ನೋಡದ ಪ್ರತಿಯನ್ನು ನಂಬುವಂತಿಲ್ಲ. ಖಾಲಿ ದತ್ತಸಂಚಯವೊಂದನ್ನು ಸೃಷ್ಟಿಸಿ ಅದರಲ್ಲಿ ಪ್ರತಿಯನ್ನು ತುಂಬಿ, ಕನ್ನಡ ಪಠ್ಯ ಸರಿಯಾಗಿ ಬಂದಿದೆಯೇ ಎಂದು ಆಗಾಗ ಪರೀಕ್ಷಿಸಬೇಕು. ಇಲ್ಲವಾದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಗುತ್ತದೆ.

ದೋಷ ಸಂಖ್ಯೆಗಳು ಏನು ಹೇಳುತ್ತವೆ?

ದತ್ತಸಂಚಯಕ್ಕೆ ಸಂಪರ್ಕ ಸಿಗದಿದ್ದಾಗ ಕಾಣುವ ಸಂಖ್ಯೆಗಳು ಪರಿಹಾರದ ದಾರಿಯನ್ನೂ ಸೂಚಿಸುತ್ತವೆ. 1045 ಎಂದರೆ ಬಳಕೆದಾರನ ಹೆಸರು ಅಥವಾ ಗುಪ್ತಪದ ತಪ್ಪು. 1044 ಎಂದರೆ ಬಳಕೆದಾರ ಇದ್ದಾನೆ, ಆದರೆ ಆ ದತ್ತಸಂಚಯಕ್ಕೆ ಸೇರಿಸಿಲ್ಲ. ಮೇಲೆ ಹೇಳಿದ ಮೂರನೆಯ ಹೆಜ್ಜೆ ಬಾಕಿಯಿದೆ. 1049 ಎಂದರೆ ಆ ಹೆಸರಿನ ದತ್ತಸಂಚಯವೇ ಇಲ್ಲ. ಮುಂಭಾಗದ ಖಾತೆ ಹೆಸರು ಬಿಟ್ಟುಹೋಗಿರಬಹುದು. 1142 ಎಂದರೆ ಕೇಳಿದ ಕೆಲಸಕ್ಕೆ ಅಧಿಕಾರ ಸಾಲದು. ಈ ಕೊನೆಯದನ್ನು ಕಂಡೊಡನೆ ಎಲ್ಲ ಅಧಿಕಾರಗಳನ್ನೂ ಕೊಟ್ಟುಬಿಡುವುದು ಪರಿಹಾರವಲ್ಲ. ಯಾವ ಅಧಿಕಾರ ಬೇಕೆಂಬುದು ಆ ಸಂದೇಶದಲ್ಲೇ ಬರೆದಿರುತ್ತದೆ. ಅದೊಂದನ್ನು ಕೊಟ್ಟರೆ ಸಾಕು.

ಕೊನೆಗೆ, ಮಾಲೀಕರು ಯಾರು?

ಸಣ್ಣ ಸಂಸ್ಥೆಗಳಲ್ಲಿ ತಾಣದ ಕೆಲಸವೆಲ್ಲವೂ ಪರಿಚಯದ ಯುವಕನೊಬ್ಬನ ಅಥವಾ ಗುತ್ತಿಗೆ ಕಂಪೆನಿಯ ಕೈಯಲ್ಲಿರುವುದು ಸಾಮಾನ್ಯ. ಹೋಸ್ಟಿಂಗ್ ಖಾತೆಯೂ ಅವರ ಹೆಸರಿನಲ್ಲಿ, ಅವರ ಇಮೇಲ್ ವಿಳಾಸದಲ್ಲಿ ನೋಂದಣಿಯಾಗಿರುತ್ತದೆ. ಗುಪ್ತಪದ ಮರೆತಾಗ ಹೊಸದನ್ನು ತರಿಸಿಕೊಳ್ಳುವ ಸಂದೇಶ ಯಾರ ಇಮೇಲ್‌ಗೆ ಹೋಗುತ್ತದೆಯೋ ಅವರೇ ವ್ಯವಹಾರದಲ್ಲಿ ತಾಣದ ಒಡೆಯರು. ಅವರು ಕೆಲಸ ಬಿಟ್ಟ ದಿನ ಸಂಸ್ಥೆಯು ತನ್ನದೇ ಮನೆಯ ಹೊಸ್ತಿಲಲ್ಲಿ ನಿಲ್ಲಬೇಕಾಗುತ್ತದೆ. ಖಾತೆಯನ್ನು ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ಅಧಿಕೃತ ಇಮೇಲ್‌ನಲ್ಲಿ ನೋಂದಾಯಿಸಿ, ಕೆಲಸ ಮಾಡುವವರಿಗೆ ಬೇಕಾದಷ್ಟೇ ಪ್ರವೇಶ ಕೊಡುವುದು ಸರಿಯಾದ ಕ್ರಮ. ಒಬ್ಬರು ಬಿಟ್ಟುಹೋದಾಗ ಫಲಕ, ಎಫ್‌ಟಿಪಿ, ದತ್ತಸಂಚಯ ಈ ಮೂರರ ಗುಪ್ತಪದಗಳನ್ನೂ ಬದಲಿಸಬೇಕು. ದತ್ತಸಂಚಯದ ಗುಪ್ತಪದ ಬದಲಿಸಿದೊಡನೆ ತಾಣದ ಕಡತದಲ್ಲೂ ಅದನ್ನು ತಿದ್ದದಿದ್ದರೆ ತಾಣ ನಿಂತುಹೋಗುತ್ತದೆ ಎಂಬುದು ನೆನಪಿರಲಿ.

ಇದು ಈಗ ಕಾನೂನಿನ ವಿಷಯವೂ ಹೌದು. ಮಾಹಿತಿ ಸುರಕ್ಷತೆಗೆ ಧಕ್ಕೆ ಬಂದಾಗ 6 ಗಂಟೆಗಳೊಳಗೆ ವರದಿ ಮಾಡಬೇಕೆಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಹೊರಡಿಸಿತು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಸಮಂಜಸ ಸುರಕ್ಷಾ ಕ್ರಮ ಕೈಗೊಳ್ಳದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶ ನೀಡುತ್ತದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಮುಖ್ಯ ಕಟ್ಟುಪಾಡುಗಳ ಜಾರಿಗೆ 18 ತಿಂಗಳ ಕಾಲಾವಕಾಶ ನೀಡಲಾಗಿದೆ. ಓದುಗರು, ಗಿರಾಕಿಗಳು, ವಿದ್ಯಾರ್ಥಿಗಳು ನಂಬಿ ಕೊಟ್ಟ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಇಟ್ಟುಕೊಂಡವರ ಹೊಣೆ ಇದರಿಂದ ಹೆಚ್ಚಿದೆ.

ಇಷ್ಟೆಲ್ಲಕ್ಕೂ ದುಬಾರಿ ಸಾಧನಗಳು ಬೇಕಾಗಿಲ್ಲ. ತಿಂಗಳಿಗೊಮ್ಮೆ ಫಲಕವನ್ನು ತೆರೆದು, ಅಲ್ಲಿರುವ ಪ್ರತಿ ದತ್ತಸಂಚಯ ಯಾವ ಕೆಲಸದ್ದು, ಪ್ರತಿ ಬಳಕೆದಾರ ಯಾವ ತಂತ್ರಾಂಶದವನು, ಅವನಿಗಿರುವ ಅಧಿಕಾರ ಇಂದಿಗೂ ಬೇಕೇ ಎಂದು ಪರಿಶೀಲಿಸಿದರೆ ಸಾಕು. ಉತ್ತರ ಹೇಳುವವರು ಯಾರೂ ಇಲ್ಲದ ಹೆಸರು ಕಂಡರೆ ಮೊದಲು ಪ್ರತಿ ತೆಗೆದು, ಅದರ ಅಧಿಕಾರವನ್ನು ಹಿಂಪಡೆದು, ಕೆಲವು ದಿನ ಕಾದು, ಯಾವ ಕೆಲಸವೂ ನಿಲ್ಲಲಿಲ್ಲವೆಂದು ಖಚಿತವಾದ ಮೇಲೆ ಅಳಿಸಬೇಕು.